ಕಿತ್ತ ಸಸಿಯ ಚಿತ್ರ ಯಾವ ಪುಟದಲ್ಲಿದೆ?

1987ರ ನವೆಂಬರ್ 14. ದೇಶದ ಶಾಲೆಗಳೆಲ್ಲ ಮಕ್ಕಳ ದಿನಾಚರಣೆಯ ಸಂಭ್ರಮದಲ್ಲಿದ್ದ ಆ ದಿನ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ ಜನರು ಗುಂಪುಗೂಡಿ ನೆಡುತೋಪಿನ ಕಡೆ ನಡೆದರು. ಅಲ್ಲಿದ್ದ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲಿ ದನಕರುಗಳಿಗೆ ಮೇವನ್ನೂ ಮನುಷ್ಯರಿಗೆ ಹಣ್ಣನ್ನೂ ಕೊಡುವ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂಬುದು ಆ ಸತ್ಯಾಗ್ರಹದ ಹೆಸರು. ಆ ಸೀಮೆಯ ಮಾತಿನಲ್ಲಿ ‘ಹಚ್ಚು’ ಎಂದರೆ ನೆಡು.

ಮೂವತ್ತೆಂಟು ವರ್ಷಗಳ ನಂತರ, 2025ರ ಅದೇ ನವೆಂಬರ್ 14ರಂದು, ಸಾಲುಮರದ ತಿಮ್ಮಕ್ಕ ತೀರಿಕೊಂಡರು. ಹುಲಿಕಲ್–ಕುದೂರು ರಸ್ತೆಯ ಇಕ್ಕೆಲಗಳಲ್ಲಿ ಆಲದ ಸಾಲು ಬೆಳೆಸಿದ ಆ ತಾಯಿಯ ಚಿತ್ರ ಇಂದು ಕನ್ನಡ ನಾಡಿನ ಶಾಲೆಯ ಗೋಡೆಗಳ ಮೇಲಿದೆ, ಪಠ್ಯದಲ್ಲಿದೆ, ಮಕ್ಕಳ ಪುಸ್ತಕಗಳಲ್ಲಿದೆ. ಇರಬೇಕಾದದ್ದೇ. ಆದರೆ ಕುಸನೂರಿನ ಚಿತ್ರ ಯಾವ ಪುಟದಲ್ಲಿದೆ? ಸಸಿ ನೆಟ್ಟ ಕೈಯನ್ನು ಮಕ್ಕಳಿಗೆ ತೋರಿಸಲು ಎಲ್ಲರೂ ಸಿದ್ಧ. ಸಸಿ ಕಿತ್ತ ಕೈಯನ್ನು ತೋರಿಸಲು ಇಷ್ಟೊಂದು ಹಿಂಜರಿಕೆ ಏಕೆ?

ಈ ಪ್ರಶ್ನೆ ಕೇವಲ ಪುಸ್ತಕ ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ. ಹೋರಾಟ, ಹಕ್ಕು, ಸಾಮಾಜಿಕ ನ್ಯಾಯ ಮುಂತಾದ ವಿಷಯಗಳನ್ನು ಎಳೆಯರಿಗೆ ಪರಿಚಯಿಸುವ ಚಿತ್ರಪುಸ್ತಕಗಳು ಕಳೆದ ಎರಡು ದಶಕಗಳಲ್ಲಿ ಜಗತ್ತಿನಾದ್ಯಂತ ಹೆಚ್ಚಿವೆ, ಭಾರತೀಯ ಭಾಷೆಗಳಲ್ಲೂ ಬರುತ್ತಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಿಂದ ಕನ್ನಡದ ಚಿತ್ರಕಥೆಗಳು ಯಾವ ಹಳ್ಳಿಯ ಶಿಕ್ಷಕರಿಗೂ ಬಿಟ್ಟಿಯಾಗಿ ಸಿಗುತ್ತಿವೆ. ಚೆನ್ನೈನ ತೂಲಿಕಾ ಪ್ರಕಾಶನ ಹಲವು ಭಾಷೆಗಳಲ್ಲಿ ಮಕ್ಕಳ ಪುಸ್ತಕ ತರುತ್ತಿದೆ. ಪುಸ್ತಕಗಳ ಕೊರತೆಯ ಕಾಲ ಮುಗಿಯುತ್ತಿದೆ. ಆ ಪುಸ್ತಕಗಳು ಮಲೆನಾಡಿನ ಮಗುವಿಗೆ ಏನನ್ನು ಹೇಳುತ್ತಿವೆ, ಏನನ್ನು ಮುಚ್ಚಿಡುತ್ತಿವೆ ಎಂಬ ವಿಚಾರಣೆಯ ಕಾಲ ಈಗ ಬಂದಿದೆ.

ಮುಚ್ಚಿಡುವ ಕೆಲಸ ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು ಹೋರಾಟಗಾರರನ್ನು ಸಂತರನ್ನಾಗಿಸುವುದು. ತಿಮ್ಮಕ್ಕನವರ ಕಥೆಯನ್ನೇ ನೋಡಬಹುದು. ಮಕ್ಕಳಿಲ್ಲದ ದುಃಖಕ್ಕೆ ಮರಗಳನ್ನೇ ಮಕ್ಕಳೆಂದು ಸಾಕಿದ ತಾಯಿ ಎಂಬಷ್ಟಕ್ಕೆ ಆ ಬದುಕು ಮುಗಿದುಹೋಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ, ಕಲ್ಲುಗಣಿಯಲ್ಲಿ ಕೂಲಿ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ದಿನದ ದುಡಿಮೆ ಮುಗಿಸಿ, ಗಂಡನೊಡನೆ ದೂರದಿಂದ ನೀರು ಹೊತ್ತು ರಸ್ತೆಯಂಚಿನ ಸಸಿಗಳಿಗೆ ಎರೆದರು ಎನ್ನುವಾಗ ಮಗು ಕೇಳಬಹುದಾದ ಮೊದಲ ಪ್ರಶ್ನೆ: ಆ ಕೂಲಿ ಎಷ್ಟಿತ್ತು? ಎರಡನೆಯದು: ಸಾರ್ವಜನಿಕ ರಸ್ತೆಗೆ ನೆರಳು ಬೆಳೆಸುವ ಕೆಲಸವನ್ನು ಸಂಬಳವಿಲ್ಲದ ಕೂಲಿಯವಳೇ ಏಕೆ ಮಾಡಬೇಕಾಯಿತು? ಈ ಎರಡು ಪ್ರಶ್ನೆ ಏಳದಂತೆ ಕಥೆ ಹೆಣೆದರೆ ಅದು ಗೌರವವೆನಿಸಬಹುದು, ನ್ಯಾಯವೆನಿಸದು.

ಅದಕ್ಕಿಂತ ದೊಡ್ಡ ಲೋಪ ಕಥೆಯ ಕೊನೆಯಲ್ಲಿದೆ. ಮರಗಳು ಬೆಳೆದವು, ಪ್ರಶಸ್ತಿಗಳು ಬಂದವು, 2019ರಲ್ಲಿ ಪದ್ಮಶ್ರೀ ದೊರೆಯಿತು ಎಂಬಲ್ಲಿಗೆ ಸಾಮಾನ್ಯವಾಗಿ ಕಥೆ ನಿಲ್ಲುತ್ತದೆ. ಅದೇ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆಗೆ ಆ ಮರಗಳೇ ಬಲಿಯಾಗುವ ಭೀತಿ ಎದುರಾಯಿತು. ನೂರು ದಾಟಿದ ಮುದುಕಿ ತಾನು ಬೆಳೆಸಿದ ಮರಗಳನ್ನು ಉಳಿಸಿಕೊಡಿ ಎಂದು ಮುಖ್ಯಮಂತ್ರಿಗಳಲ್ಲಿ ಮೊರೆಯಿಟ್ಟರು. ಪರ್ಯಾಯ ದಾರಿ ಹುಡುಕುವ ಭರವಸೆ ದೊರೆಯಿತು. ಮಗುವಿಗೆ ಬೇಕಾದ ಪುಟ ಇದು. ಒಂದು ಕೈಯಲ್ಲಿ ಪ್ರಶಸ್ತಿ ಕೊಡುವ ವ್ಯವಸ್ಥೆಯೇ ಇನ್ನೊಂದು ಕೈಯಲ್ಲಿ ಕೊಡಲಿ ಹಿಡಿಯಬಲ್ಲದು ಎಂಬ ಸತ್ಯ ಈ ಪುಟದಲ್ಲಿದೆ. ಅರ್ಜಿ ಕೊಟ್ಟರೆ, ಜನ ಜೊತೆಗೆ ನಿಂತರೆ ನಕಾಶೆಯೂ ಬದಲಾಗಬಹುದು ಎಂಬ ಆಸೆಯೂ ಇದರಲ್ಲಿಯೇ ಇದೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೂ ಇದೇ ಗತಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಹಾಲಕ್ಕಿ ಸಮುದಾಯದ ಈ ಮಹಿಳೆ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದುಹೋದ ಚಿತ್ರ ಎಲ್ಲರಿಗೂ ನೆನಪಿದೆ. ‘ವೃಕ್ಷಮಾತೆ’ ಎಂಬ ಬಿರುದೂ ನೆನಪಿದೆ. ಅವರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದಿನಗೂಲಿಯಾಗಿ ದುಡಿದವರು ಎಂಬುದು ಮಾತ್ರ ನೆನಪಿನಿಂದ ಜಾರುತ್ತದೆ. ಯಾವ ಬೀಜ ಯಾವ ತಾಯಿಮರದಿಂದ ಆರಿಸಬೇಕು, ಯಾವಾಗ ಆರಿಸಬೇಕು, ಹೇಗೆ ಮೊಳೆಯಿಸಬೇಕು ಎಂಬುದು ಅವರ ವಿದ್ಯೆಯಾಗಿತ್ತು. ಅದೇ ವಿದ್ಯೆಗೆ ಪದವಿಯ ಮುದ್ರೆ ಬಿದ್ದಿದ್ದರೆ ಸಂಬಳವೇ ಬೇರೆಯಿರುತ್ತಿತ್ತು. ಬರಿಗಾಲನ್ನು ಚಂದವಾಗಿ ಬಿಡಿಸುವ ಚಿತ್ರಕಾರ ಕೂಲಿಯ ಹಾಜರಿ ಪುಸ್ತಕವನ್ನೂ ಒಂದು ಮೂಲೆಯಲ್ಲಿ ಬಿಡಿಸಲಿ. ಸಾಮಾಜಿಕ ನ್ಯಾಯ ಅಲ್ಲಿದೆ.

ಮುಚ್ಚಿಡುವ ಎರಡನೆಯ ಬಗೆ ಘೋಷಣೆಯದು. ಅಮೆರಿಕದಲ್ಲಿ 2012ರಲ್ಲಿ ಇನೋಸಾಂಟೊ ನಗಾರ ಎಂಬ ಚಿತ್ರಕಾರರು ‘ಎ ಈಸ್ ಫಾರ್ ಆಕ್ಟಿವಿಸ್ಟ್’ ಎಂಬ ಅಕ್ಷರಮಾಲೆಯ ಪುಸ್ತಕ ತಂದರು. ಹಾಲುಗಲ್ಲದ ಮಕ್ಕಳಿಗೂ ಹೋರಾಟದ ಪದಗಳನ್ನು ಕಲಿಸುವ ಆ ಪ್ರಯತ್ನಕ್ಕೆ ದೊಡ್ಡ ಓದುಗ ಬಳಗ ದೊರೆಯಿತು. ಅದರ ಹಿಂದಿನ ಪ್ರಾಮಾಣಿಕತೆಯನ್ನು ಶಂಕಿಸಬೇಕಿಲ್ಲ. ಆದರೆ ಅದರ ಮಾದರಿಯನ್ನು ಕನ್ನಡಕ್ಕೆ ತಂದು ಅ-ಆ-ಇ-ಈಗೆ ಒಂದೊಂದು ಘೋಷಣೆ ಅಂಟಿಸಿದರೆ ಅನರ್ಥ. ಪದಾರ್ಥ ಕಾಣುವ ಮೊದಲೇ ಪದ ಬಂದರೆ ಮಗು ಗಿಣಿಪಾಠ ಒಪ್ಪಿಸುತ್ತದೆ. ‘ಪರಿಸರ ಉಳಿಸಿ’ ಎಂಬ ಫಲಕ ಹಿಡಿದು ಜೂನ್ 5ರಂದು ಮೆರವಣಿಗೆ ಹೋಗುವ ಮಕ್ಕಳಿಗೆ, ತಮ್ಮೂರಿನ ಗೋಮಾಳ ಎಷ್ಟು ಎಕರೆ, ಅದರಲ್ಲಿ ಉಳಿದದ್ದೆಷ್ಟು ಎಂದು ಯಾರೂ ಹೇಳಿರುವುದಿಲ್ಲ. ಸಂತರ ಪುಸ್ತಕ ಎದುರಾಳಿಯನ್ನು ಮರೆಮಾಚಿದರೆ, ಘೋಷಣೆಯ ಪುಸ್ತಕ ನೆಲವನ್ನೇ ಮರೆಮಾಚುತ್ತದೆ.

ಇವೆರಡರ ನಡುವೆ ದಾರಿಯಿದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಮಹಾಶ್ವೇತಾ ದೇವಿಯವರು ತೂಲಿಕಾ ಪ್ರಕಾಶನಕ್ಕಾಗಿ ಬರೆದ ‘ದಿ ವೈ-ವೈ ಗರ್ಲ್’ 2003ರಲ್ಲಿ ಹೊರಬಂದಿತು. ಅದರ ನಾಯಕಿ ಮೊಯ್ನಾ, ಶಬರ ಬುಡಕಟ್ಟಿನ ಹುಡುಗಿ, ಒಡೆಯರ ಆಡು ಮೇಯಿಸುವವಳು. ನೀರಿಗಾಗಿ ಅಷ್ಟು ದೂರ ಏಕೆ ನಡೆಯಬೇಕು, ಎರಡು ಹೊತ್ತಿನ ಅನ್ನ ಏಕಿಲ್ಲ ಎಂದು ಕೇಳುತ್ತಾಳೆ. ಆಡು ಮೇಯಿಸಿ ಬರುವವಳಿಗೆ ಅನುಕೂಲವಾಗುವಂತೆ ಶಾಲೆಯ ಹೊತ್ತನ್ನೇ ಬದಲಿಸಬಾರದೇಕೆ ಎಂದೂ ಕೇಳುತ್ತಾಳೆ. ಅಲ್ಲಿ ಘೋಷಣೆಯೂ ಇಲ್ಲ, ಸಂತರೂ ಇಲ್ಲ. ಇರುವುದು ಮೇಕೆ, ನೀರು, ಅನ್ನ, ಗಡಿಯಾರ. ಇಷ್ಟರಿಂದಲೇ ಅನ್ಯಾಯದ ಇಡೀ ರಚನೆ ಮಗುವಿಗೆ ತಿಳಿಯುತ್ತದೆ.

ಕುಸನೂರಿನ ಕಥೆಗೂ ಇಂತಹ ಸರಳತೆ ಸಾಧ್ಯ. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಂಪೆನಿ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಅದಕ್ಕೆ ಒಪ್ಪಿಸುವ ಏರ್ಪಾಡಾಯಿತು. ಆ ಮರದ ತಿರುಳು ರೇಯಾನ್ ನೂಲಿಗೆ ಹೋಗುತ್ತಿತ್ತು. ಕಾಗದದಲ್ಲಿ ಆ ಭೂಮಿ ‘ಪಾಳು’. ಊರಿನವರಿಗೆ ಅದೇ ಹುಲ್ಲು, ಸೌದೆ, ಸೊಪ್ಪು, ಔಷಧಿ. ಈ ಒಂದು ಪದದ ಜಗಳವನ್ನು ಚಿತ್ರದಲ್ಲಿ ತೋರಿಸುವುದು ಕಷ್ಟವಲ್ಲ: ಎಡಪುಟದಲ್ಲಿ ಅಧಿಕಾರಿಯ ನಕಾಶೆಯ ಬರಿದಾದ ಬಿಳಿ ಜಾಗ, ಬಲಪುಟದಲ್ಲಿ ಅದೇ ಜಾಗದಲ್ಲಿ ಮೇಯುವ ಹತ್ತಾರು ಬಗೆಯ ಜೀವ.

ಸಸಿ ಎಂದರೆಲ್ಲ ಒಂದೇ ಎಂಬ ಭ್ರಮೆಯನ್ನು ಕಳೆಯಲು ಕೃಷಿವಿಜ್ಞಾನದ ಒಂದೆರಡು ಮಾತು ಸಾಕು. ನೀಲಗಿರಿಯ ಬೇರು ಆಳಕ್ಕಿಳಿದು ಮಣ್ಣಿನ ತೇವವನ್ನು ಹೀರುತ್ತದೆ. ಉದುರಿದ ಎಲೆಯಲ್ಲಿನ ತೈಲಾಂಶ ಮತ್ತು ಇತರ ರಾಸಾಯನಿಕಗಳು ಬುಡದ ಸಸ್ಯಗಳನ್ನು ಕುಗ್ಗಿಸುತ್ತವೆ. ಎಲೆಯನ್ನು ದನವೂ ಮುಟ್ಟದು, ಆಡೂ ಮುಟ್ಟದು. ಕಾವಲು ಖರ್ಚು ಉಳಿಯುವ ಕಾರಣಕ್ಕೆ ಆ ಗುಣವೇ ನೆಡುತೋಪು ಮಾಡುವವರಿಗೆ ಪ್ರಿಯವಾಯಿತು. ಆಲದ ಸಸಿ ನೆಟ್ಟ ತಿಮ್ಮಕ್ಕ, ನೀಲಗಿರಿ ಸಸಿ ಕಿತ್ತ ಕುಸನೂರಿನ ಹೆಣ್ಣುಮಕ್ಕಳು ಒಂದೇ ಕೆಲಸ ಮಾಡಿದರು ಎಂದು ಹೇಳುವುದಕ್ಕೆ ಮಗುವಿಗೆ ಇಷ್ಟು ವಿವರ ಗೊತ್ತಿದ್ದರೆ ಸಾಕು. ಗೊತ್ತಿಲ್ಲದಿದ್ದರೆ ಮೊದಲನೆಯವರು ದೇವತೆಯಾಗಿಯೂ ಎರಡನೆಯವರು ಪುಂಡರಾಗಿಯೂ ಕಾಣುತ್ತಾರೆ. ಇಡೀ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವೇ ನಿಷೇಧಿಸಿದ್ದು 2017ರಲ್ಲಿ. ಪುಂಡರು ಹೇಳಿದ್ದನ್ನು ಸರ್ಕಾರ ಒಪ್ಪಲು ಮೂವತ್ತು ವರ್ಷ ಹಿಡಿಯಿತು.

ಆ ಹೋರಾಟದಲ್ಲಿ ಸಮಾಜ ಪರಿವರ್ತನ ಸಮುದಾಯದೊಂದಿಗೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರೆಂಬುದನ್ನು ಮಕ್ಕಳ ಸಾಹಿತಿಗಳು ಮರೆಯಬಾರದು. 1936ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಮಕ್ಕಳ ಕೈಗಿತ್ತ ಅದೇ ಕಾರಂತರು ಅರ್ಧ ಶತಮಾನದ ನಂತರ ಹುಲ್ಲುಗಾವಲಿಗಾಗಿ ನ್ಯಾಯಾಲಯಕ್ಕೆ ಹೋದರು, 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭಾ ಚುನಾವಣೆಗೂ ನಿಂತರು. ಮಕ್ಕಳಿಗಾಗಿ ಬರೆಯುವುದು ಮತ್ತು ನೆಲಕ್ಕಾಗಿ ಹೋರಾಡುವುದು ಅವರ ಬದುಕಿನಲ್ಲಿ ಒಂದನ್ನೊಂದು ಬಿಟ್ಟಿರಲಿಲ್ಲ. ಆ ಪರಂಪರೆಯ ವಾರಸುದಾರರು ಮಾತ್ರ ಎರಡಕ್ಕೂ ಬೇರೆಬೇರೆ ಕೋಣೆ ಕಟ್ಟಿದ್ದಾರೆ.

ಇಂತಹ ಪುಸ್ತಕಗಳಿಗೆ ವಸ್ತು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತರೀಕೆರೆಯನ್ನೇ ತೆಗೆದುಕೊಳ್ಳಬಹುದು. ಈ ಊರು ಕನ್ನಡದ ಮಕ್ಕಳಿಗೆ ಪರಿಚಯವಾಗುವುದು ಒಂದು ನಾಲಗೆ ತೊಡರಿಸುವ ಮಾತಿನಿಂದ: ಕೆರೆಯ ಏರಿ, ಅದರ ಮೇಲೆ ಮೇಯುವ ಕಪ್ಪು ಕುರಿಮರಿಗಳು. ನಾಲಗೆ ತೊಡರಿದಾಗ ಮಕ್ಕಳು ನಗುತ್ತಾರೆ. ನಗು ನಿಂತ ಮೇಲೆ ಕೇಳಬಹುದಾದದ್ದು ಬಹಳವಿದೆ. ಆ ಏರಿಯನ್ನು ಕಾಯಬೇಕಾದವರು ಯಾರು? ಕೆರೆಯ ಹೂಳು ಯಾರ ಹೊಲಕ್ಕೆ ಹೋಗಬೇಕು? ಕುರಿಗಾಹಿಗೆ ಏರಿಯ ಹೊರತು ಬೇರೆ ಮೇವಿನ ನೆಲ ಉಳಿದಿದೆಯೆ? ಮೂರು ಕುರಿಮರಿಗಳ ಬೆನ್ನುಹತ್ತಿ ಹೋದರೆ ಒಂದು ಚಿತ್ರಪುಸ್ತಕ ತಾನಾಗಿ ಅಜ್ಜಂಪುರದ ಅಮೃತಮಹಲ್ ಕಾವಲನ್ನು ಮುಟ್ಟುತ್ತದೆ. ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಮೀಸಲಿಟ್ಟ ಅಮೃತಮಹಲ್ ಹುಲ್ಲುಗಾವಲುಗಳು ಒಂದೊಂದಾಗಿ ಬೇರೆ ಬೇರೆ ಉದ್ದೇಶಗಳಿಗೆ ಹೋದ ಕಥೆ ಅಲ್ಲಿ ಸಿಗುತ್ತದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅಂತಹ ಕಾವಲು ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾದಾಗ ಕುರಿಗಾಹಿಗಳ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದೂ ಸಿಗುತ್ತದೆ.

ತರೀಕೆರೆ ಸೀಮೆಯ ಇನ್ನೊಂದು ಕಥೆ ಭದ್ರಾ ನದಿಯದು. ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1965ರ ಹೊತ್ತಿಗೆ ಮುಗಿಯಿತು. ಕೆಳಗಿನ ಗದ್ದೆಗಳಿಗೆ ನೀರು ಬಂತು, ಮೇಲಿನ ಕಣಿವೆ ಮುಳುಗಿತು. ಮುಂದೆ ನದಿಯ ಮೂಲದ ಕಡೆ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದು, ಮಳೆಗಾಲದಲ್ಲಿ ಹೂಳು ಹೊತ್ತ ಕೆಂಪು ನೀರು ಹರಿಯಿತು. ಜನರ ಹೋರಾಟ, ವಿಜ್ಞಾನಿಗಳ ಅಧ್ಯಯನ, ನ್ಯಾಯಾಲಯದ ವಿಚಾರಣೆ ಎಲ್ಲವೂ ಕೂಡಿ 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಪರಿಸರ ಚಳವಳಿಯ ಪಾಲಿಗೆ ಇದು ಗೆಲುವಿನ ಕಥೆ. ಆದರೆ ಒಳ್ಳೆಯ ಚಿತ್ರಪುಸ್ತಕ ಗೆಲುವಿನ ಮರುದಿನದ ಪುಟವನ್ನೂ ಬರೆಯಬೇಕು: ಗಣಿಯ ಕೆಲಸ ಹೋದ ಮನೆಯ ಮಗು ಅಂದು ಏನನ್ನು ನೋಡಿತು? ಆ ಪುಟ ಬರೆಯಲು ಅಂಜುವ ಚಳವಳಿ ತನ್ನ ಗೆಲುವನ್ನು ತಾನೇ ನಂಬದ ಚಳವಳಿ.

ಇಷ್ಟೇ ಕಠಿಣವಾದ ಇನ್ನೊಂದು ಕಥೆ ಭದ್ರಾ ಅಭಯಾರಣ್ಯದ್ದು. 2001–02ರ ಸುಮಾರಿಗೆ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನ್ನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಮತ್ತು ಚಿಕ್ಕಮಗಳೂರು ತಾಲ್ಲೂಕಿನ ಕೆಳಗೂರಿನಲ್ಲಿ ನೆಲೆಯಾದವು. ದೇಶದ ಪುನರ್ವಸತಿ ಪ್ರಯತ್ನಗಳಲ್ಲಿ ಇದನ್ನು ಚೆನ್ನಾಗಿ ನಡೆದವುಗಳ ಸಾಲಿಗೆ ಸೇರಿಸುತ್ತಾರೆ. ಶಾಲೆ, ರಸ್ತೆ, ನೀರಾವರಿ ಭೂಮಿ ಹತ್ತಿರವಾದವು. ದೇವರಬನ, ಹಿರಿಯರ ಸಮಾಧಿ, ಹೊಳೆಯ ಮೀನು ದೂರವಾದವು. ಕಾಡಿಗೆ ಹುಲಿ ಬೇಕು, ಮನುಷ್ಯನಿಗೆ ಮರ್ಯಾದೆ ಬೇಕು. ಎರಡು ನ್ಯಾಯಗಳು ಎದುರುಬದುರಾಗಿ ನಿಲ್ಲುವ ಇಂತಹ ಸಂಗತಿಯಲ್ಲಿ ಖಳನಾಯಕ ಇರುವುದಿಲ್ಲ. ಮಕ್ಕಳಿಗೆ ಇದನ್ನು ಹೇಳಲಾಗದೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಆ ಹಳ್ಳಿಗಳ ಮಕ್ಕಳು ಇದನ್ನು ಬದುಕಿಯೇ ಬೆಳೆದರು.

ಇಲ್ಲಿ ಎದ್ದೇಳುವ ಆಕ್ಷೇಪಣೆ ಹಳೆಯದು: ಎಳೆಯ ಮನಸ್ಸಿಗೆ ಜಗಳ, ಅನ್ಯಾಯ, ರಾಜಕೀಯ ಬೇಡ. ಹೀಗೆನ್ನುವವರ ಮನೆಯಲ್ಲೇ ಪುಣ್ಯಕೋಟಿಯ ಕಥೆ ತಲೆಮಾರುಗಳಿಂದ ನಡೆದುಬಂದಿದೆ. ಹಸಿದ ಹುಲಿಯ ಎದುರಿಗೆ ಹಸು ಮರಳಿ ಬಂದು ನಿಲ್ಲುತ್ತದೆ, ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಅದನ್ನು ಕೇಳಿ ಅಳದ ಮಗುವಿಲ್ಲ, ಅಳು ಬಂತೆಂದು ಕೆಟ್ಟುಹೋದ ಮಗುವೂ ಇಲ್ಲ. ಸಾವು, ಹಸಿವು, ಮಾತಿನ ಹೊಣೆ ಇವೆಲ್ಲವನ್ನೂ ತಾಳಿಕೊಳ್ಳಬಲ್ಲ ಮಗು ಗೋಮಾಳದ ಒತ್ತುವರಿಯ ಕಥೆಯನ್ನು ತಾಳಿಕೊಳ್ಳಲಾರದೆ? ತಾಳಿಕೊಳ್ಳಲಾರದವರು ಒತ್ತುವರಿ ಮಾಡಿದ ಹಿರಿಯರು.

ಇನ್ನೊಂದು ಆಕ್ಷೇಪಣೆಯನ್ನು ಮಾತ್ರ ಗೌರವದಿಂದ ಕೇಳಬೇಕು. ಚಳವಳಿಯವರು ಪುಸ್ತಕ ಬರೆದರೆ ಅದು ಪ್ರಚಾರವಾಗುತ್ತದೆ ಎಂಬುದು ಅದು. ಈ ಅಪಾಯ ನಿಜ. ಕೈಗಾರಿಕಾ ಸಂಸ್ಥೆಗಳ ಹಣದಲ್ಲಿ ಅಚ್ಚಾಗುವ ‘ಹಸಿರು’ ಪುಸ್ತಿಕೆಗಳಂತೆಯೇ ಚಳವಳಿಯ ಪುಸ್ತಿಕೆಯೂ ಮಗುವನ್ನು ಬಳಸಿಕೊಳ್ಳಬಹುದು. ಇದಕ್ಕೆ ಮದ್ದು ಮೌನವಲ್ಲ, ಪರೀಕ್ಷೆ. ಪುಸ್ತಕದಲ್ಲಿ ಜನ ಕೂಡಿ ತೀರ್ಮಾನಿಸುತ್ತಾರೆಯೆ, ಇಲ್ಲವೆ ಒಬ್ಬ ವೀರ ಎಲ್ಲವನ್ನೂ ಗೆಲ್ಲುತ್ತಾನೆಯೆ? ಎದುರಾಳಿಗೆ ಹೆಸರಿದೆಯೆ, ಅವನ ವಾದಕ್ಕೆ ಒಂದಾದರೂ ಸಾಲು ಇದೆಯೆ? ಕೂಲಿ, ಜಾತಿ, ಭೂಮಿ, ನೀರು ಚಿತ್ರದಲ್ಲಿ ಕಾಣುತ್ತವೆಯೆ? ಸೋಲಿಗೂ ಬೆಲೆ ತೆತ್ತವರಿಗೂ ಜಾಗವಿದೆಯೆ? ಮಗು ಪುಸ್ತಕವನ್ನೇ ಪ್ರಶ್ನಿಸಲು ಸಾಧ್ಯವೆ? ಈ ಐದನ್ನು ದಾಟಿದ ಪುಸ್ತಕವನ್ನು ಯಾರು ಬರೆದರೂ ಅದು ಮಕ್ಕಳದೇ.

ಕನ್ನಡಕ್ಕೆ ಈ ಸಾಮರ್ಥ್ಯ ಹೊಸದಲ್ಲ. ‘ಅಮರ ಚಿತ್ರಕಥೆ’ಯ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಕನ್ನಡದಲ್ಲೇ, ಬೆಂಗಳೂರಿನಿಂದ, ಅವು ಪಾಶ್ಚಾತ್ಯ ಕಿನ್ನರಕಥೆಗಳಾಗಿದ್ದವು. ಚಿಪ್ಕೊ ಚಳವಳಿಯ ಮೇಲೆ ಅಮೆರಿಕದ ಪ್ರಕಾಶಕರು 1995ರಲ್ಲೇ ಮಕ್ಕಳ ಚಿತ್ರಪುಸ್ತಕ ತಂದರು. ಅಲ್ಲಿನ ಮಗು ಹಿಮಾಲಯದ ಹೆಣ್ಣುಮಕ್ಕಳನ್ನು ಚಿತ್ರದಲ್ಲಿ ಕಂಡಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತ ‘ಅಪ್ಪಿಕೋ’ವನ್ನು ತರೀಕೆರೆಯ ಎಷ್ಟು ಶಾಲೆಗಳ ಮಕ್ಕಳು ಚಿತ್ರದಲ್ಲಿ ಕಂಡಿದ್ದಾರೆ? ತಪ್ಪು ಪ್ರಕಾಶಕರದಷ್ಟೇ ಅಲ್ಲ. ಕರಪತ್ರ, ಮನವಿಪತ್ರ, ಅಧ್ಯಯನ ವರದಿಗಳನ್ನು ರಾಶಿ ಹಾಕಿದ ಮಲೆನಾಡಿನ ಚಳವಳಿಗಳು ಮಕ್ಕಳನ್ನು ಮೆರವಣಿಗೆಯ ಮುಂದೆ ನಿಲ್ಲಿಸಿದ್ದುಂಟು, ಅವರಿಗಾಗಿ ಕೂತು ಬರೆದದ್ದು ಬಹಳ ಕಡಿಮೆ.

ಇದನ್ನು ಸರಿಪಡಿಸಲು ಹೊಸ ಯೋಜನೆ, ಹೊಸ ಅನುದಾನಗಳಿಗಾಗಿ ಕಾಯಬೇಕಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸುವ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದದ್ದು 2020ರಲ್ಲಿ, ಅದೂ ನವೆಂಬರ್ 14ರಂದು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸೂಚನೆ ಪಂಚಾಯತಿಗಳಿಗಿದೆ. ಈ ಎರಡನ್ನು ಜೋಡಿಸುವ ಕೊಂಡಿ ಮಾತ್ರ ಇಲ್ಲ. ತರೀಕೆರೆ, ಅಜ್ಜಂಪುರ, ಕಡೂರಿನ ಶಿಕ್ಷಕರು, ಗ್ರಂಥಪಾಲಕರು, ಚಿತ್ರಕಲಾವಿದರು ಒಂದೊಂದು ಊರಿನ ಒಂದೊಂದು ಕಥೆಯನ್ನು ಹದಿನಾರು ಪುಟಗಳಲ್ಲಿ ತರಬಲ್ಲರು. ಕೆರೆಯ ಏರಿಯ ಕಥೆ, ಕಾವಲಿನ ಕಥೆ, ಕೆಮ್ಮಣ್ಣುಗುಂಡಿ ಎಂಬ ಹೆಸರೇ ಹೇಳುವ ಕೆಂಪು ಮಣ್ಣಿನ ಕಥೆ, ಎಂ.ಸಿ. ಹಳ್ಳಿಯ ಹಿರಿಯರು ಬಿಟ್ಟುಬಂದ ಊರಿನ ಕಥೆ. ಅವನ್ನು ಓದಿದ ಮಗು ಗ್ರಾಮಸಭೆಯಲ್ಲಿ ಎದ್ದು ನಿಂತು ‘ಗೋಮಾಳದ ನಕಾಶೆ ತೋರಿಸಿ’ ಎಂದು ಕೇಳಿದರೆ, ಆ ಪುಸ್ತಕ ಸಾರ್ಥಕ.

ಬರುವ ನವೆಂಬರ್ 14ರಂದೂ ಶಾಲೆಗಳಲ್ಲಿ ಸಿಹಿ ಹಂಚುತ್ತಾರೆ, ಸಸಿ ನೆಡಿಸುತ್ತಾರೆ, ತಿಮ್ಮಕ್ಕನವರ ಭಾವಚಿತ್ರಕ್ಕೆ ಹೂ ಹಾಕುತ್ತಾರೆ. ಹಾಕಲಿ. ಆದರೆ ಮಗುವಿನ ಕೈಗೆ ಸಸಿ ಕೊಡುವ ಮೊದಲು, ಅದು ಯಾವ ಜಾತಿಯ ಸಸಿ, ಯಾರ ನೆಲದಲ್ಲಿ ನೆಡುತ್ತಿರುವುದು, ನಾಳೆ ಅದರ ಫಲ ಯಾರಿಗೆ ಎಂದು ಕೇಳುವ ಹಕ್ಕನ್ನೂ ಕೊಡಬೇಕು. ಉತ್ತರ ಸರಿಯಿಲ್ಲದಿದ್ದರೆ ಸಸಿಯನ್ನು ಕೀಳುವ ಹಕ್ಕೂ ಅದರಲ್ಲಿ ಸೇರಿದೆ.